ಮನೆಯ ಧ್ವನಿಮುದ್ರಣ: ದನಿ ತಡವಾದರೆ, ಕೀಬೋರ್ಡ್ ಮೌನವಾದರೆ ಏನು ಮಾಡಬೇಕು?

ರಾಜ್ಯೋತ್ಸವ ಸಮೀಪಿಸಿತೆಂದರೆ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ಬಗೆಯ ಸಡಗರ ಆರಂಭವಾಗುತ್ತದೆ. ಮಕ್ಕಳ ಸಮೂಹಗಾನಕ್ಕೆ ಹಿನ್ನೆಲೆ ಸಂಗೀತ ಬೇಕು, ನೃತ್ಯಕ್ಕೆ ಹಾಡು ಬೇಕು. ಹಿಂದೆ ಇದಕ್ಕಾಗಿ ಊರಿನಿಂದ ಕ್ಯಾಸೆಟ್ಟು ತರಿಸುತ್ತಿದ್ದೆವು. ಇಂದು ಮನೆಯಲ್ಲೇ ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಮಕ್ಕಳು ಕಲಿಯುವ ಒಂದು ಕೀಬೋರ್ಡ್ ಇದ್ದರೆ ಧ್ವನಿಮುದ್ರಣ ಸಾಧ್ಯ. ಆದರೆ ಎಲ್ಲವನ್ನೂ ಜೋಡಿಸಿ ಕುಳಿತ ಮೇಲೆ ದನಿಯೇ ಬರುವುದಿಲ್ಲ. ಬಂದರೂ ತಡವಾಗಿ ಬರುತ್ತದೆ. ಸಕಾಲಕ್ಕೆ ಬಂದರೆ ನಡುನಡುವೆ ಚಟಪಟ ಸದ್ದು ಸೇರಿರುತ್ತದೆ. ಈ ತೊಡಕುಗಳಿಗೆ ಕಾರಣವೇನು, ಅವುಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ನನ್ನಂಥ ಸಾಮಾನ್ಯರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ನಾನು ತಂತ್ರಜ್ಞನಲ್ಲ. ಕಲಾ ಪದವಿ ಪಡೆದು ಬ್ಯಾಂಕ್ ಸೇರಿ, ಸೂರತ್, ವಡೋದರಾ, ಅಹಮದಾಬಾದ್ ಎಂದು ವರ್ಗಾವಣೆಯ ಹಾದಿಯಲ್ಲೇ ಐವತ್ತು ದಾಟಿದವನು. ಈ ವಿಷಯವನ್ನು ಕಲಿಯುವ ಅನಿವಾರ್ಯತೆ ಬಂದದ್ದು ನನ್ನ ತಾಯಿಯವರಿಂದ.

ಧಾರವಾಡ ಸೀಮೆಯ ಹಳ್ಳಿಯಿಂದ ಬಂದ ಅವರಿಗೆ ಬೀಸುವ ಪದ, ಸೋಬಾನೆ ಪದ, ಗುಳ್ಳವ್ವನ ಹಾಡು, ಪಂಚಮಿಯ ಜೋಕಾಲಿ ಪದಗಳು ಕಂಠಸ್ಥವಾಗಿದ್ದವು. ಶರದ್ ಪೂನಮ್ ರಾತ್ರಿ ನಮ್ಮ ಸೊಸೈಟಿಯ ಅಂಗಳದಲ್ಲಿ ಗರ್ಬಾ ಮುಗಿದು ಎಲ್ಲರೂ ದೂಧ್ ಪೌಂವಾ ಸವಿಯುತ್ತಿದ್ದರೆ, ಅವರು ಒಳಗೆ ಕುಳಿತು ಸೀಗಿ ಹುಣ್ಣಿಮೆಯ ಹಾಡನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಎರಡೂ ಒಂದೇ ಹುಣ್ಣಿಮೆ ಎಂಬುದು ನನ್ನ ಮಗಳಿಗೆ ಗೊತ್ತಾದದ್ದೇ ಆಗ. ಅಜ್ಜಿಯ ಹಾಡುಗಳನ್ನು ಮುದ್ರಿಸಿಡೋಣ ಎಂದವಳೂ ಅವಳೇ. ಮೊದಲ ಸಂಜೆ ತಾಯಿಯವರಿಗೆ ಹೆಡ್‌ಫೋನ್ ತೊಡಿಸಿ ಹಾಡಿರೆಂದೆವು. ಎರಡು ಸಾಲು ಹಾಡಿ ನಿಲ್ಲಿಸಿದರು. "ಯಾರೋ ನನ್ನ ಬೆನ್ನಹಿಂದ ಹಾಡಾಕತ್ತಾರಲ್ಲೋ ತಮ್ಮಾ, ಮೊದಲ ಅವರನ್ನ ಸುಮ್ಮ ಕೂಡಿಸು" ಎಂದರು. ಅದು ಅವರದೇ ದನಿ. ಗಣಕಯಂತ್ರವನ್ನು ಸುತ್ತಿ ತಡವಾಗಿ ಮರಳಿ ಬರುತ್ತಿತ್ತು.

ಡ್ರೈವರ್ ಎಂದರೇನು?

ಮೈಕ್, ಕೀಬೋರ್ಡ್ ಮುಂತಾದ ಉಪಕರಣಗಳು ಮತ್ತು ಗಣಕಯಂತ್ರದ ಕಾರ್ಯವ್ಯವಸ್ಥೆ ಪರಸ್ಪರ ಮಾತನಾಡಲು ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ದನಿ ಸಾಗಲು ವಿಂಡೋಸ್‌ನಲ್ಲಿ ಒಂದೇ ದಾರಿಯಿಲ್ಲ, ಹಲವು ದಾರಿಗಳಿವೆ. ಎಂಎಂಇ ಎಂಬುದು 1990ರ ದಶಕದ ಆರಂಭದಿಂದ ಇರುವ ಹಳೆಯ ದಾರಿ. ಎಲ್ಲ ಯಂತ್ರಗಳಲ್ಲೂ ನಡೆಯುತ್ತದೆ, ಆದರೆ ನಿಧಾನ. ಡೈರೆಕ್ಟ್‌ಸೌಂಡ್ ಅದರ ನಂತರದ್ದು. ವಸಾಪಿ ಎಂಬುದು ವಿಂಡೋಸ್ ವಿಸ್ಟಾದೊಂದಿಗೆ ಬಂದ ದಾರಿ. ಏಸಿಯೋ ಎಂಬುದನ್ನು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರ ಸುಮಾರಿಗೆ ಸಂಗೀತದ ಕೆಲಸಕ್ಕೆಂದೇ ರೂಪಿಸಿತು. ಅದು ವಿಂಡೋಸ್‌ನ ಸಾಮಾನ್ಯ ಮಿಶ್ರಣ ವ್ಯವಸ್ಥೆಯನ್ನು ಬದಿಗಿಟ್ಟು ನೇರವಾಗಿ ಉಪಕರಣವನ್ನು ತಲುಪುತ್ತದೆ. ಆಪಲ್ ಗಣಕಗಳಲ್ಲಿ ಕೋರ್ ಆಡಿಯೋ ಎಂಬ ಒಂದೇ ವ್ಯವಸ್ಥೆ ಇರುವುದರಿಂದ ಈ ಗೊಂದಲ ಅಲ್ಲಿ ಕಡಿಮೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಎಂಎಂಇ ದಾರಿಯಲ್ಲಿ ವೋಚರು ಪ್ರತಿಯೊಂದು ಮೇಜಿನ ಮುಂದೂ ನಿಂತು ಸಾಗುತ್ತದೆ. ಏಸಿಯೋ ದಾರಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಕೌಂಟರಿದೆ.

ಹುಡುಕುವ ಕ್ರಮ

ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಅನುಭವಿ ಕ್ಯಾಷಿಯರ್ ಎಲ್ಲ ಕಂತೆಗಳನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಮೊದಲ ವೋಚರಿನಿಂದ ಹೊರಟು ಒಂದೊಂದನ್ನೇ ಗುರುತು ಹಾಕುತ್ತಾನೆ. ಇಲ್ಲಿಯೂ ಅದೇ ನಿಯಮ. ಒಮ್ಮೆಗೆ ಒಂದೇ ಬದಲಾವಣೆ ಮಾಡಿರಿ, ಏನು ಬದಲಿಸಿದಿರೆಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ, ಫಲ ಕಾಣದಿದ್ದರೆ ಹಿಂದಿನ ಸ್ಥಿತಿಗೆ ಮರಳಿರಿ. ಅವಸರದಲ್ಲಿ ಐದಾರು ಗುಂಡಿಗಳನ್ನು ಒಟ್ಟಿಗೆ ಬದಲಿಸಿದರೆ, ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯದು.

ದನಿಯೇ ಬಾರದಿದ್ದರೆ

ಮೊದಲು ತಂತಿಗಳನ್ನು ನೋಡಿರಿ. ಕಂಡೆನ್ಸರ್ ಜಾತಿಯ ಸ್ಟುಡಿಯೋ ಮೈಕ್‌ಗೆ ಇಂಟರ್‌ಫೇಸ್ ಪೆಟ್ಟಿಗೆಯಿಂದ 48 ವೋಲ್ಟ್ ವಿದ್ಯುತ್ ಹೋಗಬೇಕು. ಆ ಗುಂಡಿ ಒತ್ತಿರದಿದ್ದರೆ ಮೈಕ್ ಮೌನ.

ಎರಡನೆಯದು, ವಿಂಡೋಸ್‌ಗೆ ಉಪಕರಣ ಕಾಣುತ್ತಿದೆಯೇ? ಸೌಂಡ್ ಸೆಟ್ಟಿಂಗ್ಸ್ ತೆರೆದು ಇನ್‌ಪುಟ್ ಪಟ್ಟಿ ನೋಡಿರಿ. ಮೈಕ್ ಮುಂದೆ ಮಾತನಾಡಿದಾಗ ಅಲ್ಲಿನ ಪಟ್ಟಿ ಏರಿಳಿಯಬೇಕು. ಏರಿಳಿಯದಿದ್ದರೆ ಧ್ವನಿಮುದ್ರಣ ತಂತ್ರಾಂಶವನ್ನು ದೂರಿ ಪ್ರಯೋಜನವಿಲ್ಲ. ದೋಷ ಅದಕ್ಕಿಂತ ಮುಂಚೆಯೇ ಇದೆ.

ಮೂರನೆಯದು ಅನುಮತಿ. ಇತ್ತೀಚಿನ ವಿಂಡೋಸ್ ಹಾಗೂ ಆಪಲ್ ಗಣಕಗಳಲ್ಲಿ ಯಾವ ತಂತ್ರಾಂಶ ಮೈಕ್ ಬಳಸಬಹುದೆಂಬುದನ್ನು ಪ್ರೈವೆಸಿ ವಿಭಾಗ ನಿರ್ಧರಿಸುತ್ತದೆ. ವಿಂಡೋಸ್‌ನಲ್ಲಿ ಅಲ್ಲಿನ ಮೈಕ್ರೋಫೋನ್ ಪುಟದ ಕೆಳಭಾಗದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆಂದೇ ಬೇರೊಂದು ಗುಂಡಿಯಿದೆ. ಅದು ಮುಚ್ಚಿದ್ದರೆ ಮುದ್ರಣ ನಡೆದಂತೆ ಕಾಣುತ್ತದೆ, ಆದರೆ ಅಲೆಯ ರೇಖೆ ಸಪಾಟಾಗಿರುತ್ತದೆ.

ನಾಲ್ಕನೆಯದು, ತಂತ್ರಾಂಶದೊಳಗಿನ ಆಯ್ಕೆ. ಲ್ಯಾಪ್‌ಟಾಪ್‌ಗೆ ತನ್ನದೇ ಒಂದು ಮೈಕ್ ಇರುತ್ತದೆ. ನೀವು ಹೊಸ ಮೈಕ್ ಜೋಡಿಸಿದ್ದರೂ ತಂತ್ರಾಂಶ ಹಳೆಯದನ್ನೇ ಕೇಳುತ್ತಿರಬಹುದು. ಹೊಸ ಮೈಕನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿರಿ. ರೇಖೆ ಜಿಗಿಯದಿದ್ದರೆ ಬೇರೆ ಮೈಕ್ ಕೆಲಸ ಮಾಡುತ್ತಿದೆ ಎಂದರ್ಥ.

ಇನ್ನೊಂದು ಸಂಗತಿ ನಮ್ಮ ಸಂಗೀತಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಗದ್ದಲ ನಿವಾರಣೆಯ ವ್ಯವಸ್ಥೆ ತಾನಾಗಿಯೇ ಚಾಲೂ ಇರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸುತ್ತದೆ. ತಂಬೂರಿಯ ನಾದವೂ ಒಂದೇ ಸಮನೆ ಬರುವಂಥದೇ ಅಲ್ಲವೇ? ಶ್ರುತಿ ಮಾಯವಾಗಿ ಕಂಠ ಮಾತ್ರ ಉಳಿದಿದ್ದರೆ, ಸೌಂಡ್ ವಿಭಾಗದಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆರಿಸಿಬಿಡಿರಿ.

ದನಿ ತಡವಾಗಿ ಕೇಳಿಸಿದರೆ

ಗಣಕಯಂತ್ರ ದನಿಯನ್ನು ಧಾರೆಯಾಗಿ ಸ್ವೀಕರಿಸುವುದಿಲ್ಲ. ಬಿಡಿಬಿಡಿ ಅಂಕಿಗಳನ್ನಾಗಿಸಿ, ಅವುಗಳನ್ನು ಕಂತೆ ಕಟ್ಟಿ ಸಾಗಿಸುತ್ತದೆ. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಅಂಕಿಗಳು. ಈ ಸಂಖ್ಯೆಗೆ ಸ್ಯಾಂಪಲ್ ರೇಟ್ ಎಂದೂ, ಒಂದು ಕಂತೆಯ ಗಾತ್ರಕ್ಕೆ ಬಫರ್ ಎಂದೂ ಹೆಸರು. ಬಫರ್ 1024 ಇದ್ದರೆ ಒಂದು ಕಂತೆ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. 512ಕ್ಕೆ ಸುಮಾರು 12. 128ಕ್ಕೆ ಸುಮಾರು 3. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಈ ಸಮಯ ತಗಲುತ್ತದೆ. ಡ್ರೈವರಿನ ದಾರಿ ಉದ್ದವಾಗಿದ್ದರೆ ಇನ್ನಷ್ಟು ಸೇರುತ್ತದೆ.

ಎಷ್ಟು ವಿಳಂಬವನ್ನು ಸಹಿಸಬಹುದು? ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ 10 ಮಿಲಿಸೆಕೆಂಡ್ ವಿಳಂಬವು ಮೂರೂವರೆ ಮೀಟರ್ ದೂರ ಕುಳಿತ ತಬಲಾ ವಾದಕನನ್ನು ಕೇಳಿದಂತೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತನ್ನದೇ ದನಿ ತನಗೆ ಮರಳಿ ಬಂದರೆ ಮಾತು ಕೂಡ ತೊದಲುತ್ತದೆ. ನನ್ನ ತಾಯಿಯವರಿಗೆ ಆದದ್ದೂ ಇದೇ. ಅವರ ತಾಳಜ್ಞಾನದಲ್ಲಿ ಕೊರತೆಯಿರಲಿಲ್ಲ.

ಪರಿಹಾರಗಳು ಮೂರು. ಮೊದಲನೆಯದು, ಬ್ಲೂಟೂತ್ ಹೆಡ್‌ಫೋನ್ ಬಿಟ್ಟು ತಂತಿಯುಳ್ಳದ್ದನ್ನು ಬಳಸಿರಿ. ಬ್ಲೂಟೂತ್‌ನಲ್ಲಿ ಎಷ್ಟೋ ಸಲ 100ರಿಂದ 200 ಮಿಲಿಸೆಕೆಂಡ್ ವಿಳಂಬ ಇರುತ್ತದೆ. ಅದರ ಮೈಕನ್ನೂ ಬಳಸಿದರೆ ದನಿ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಎರಡನೆಯದು, ಇಂಟರ್‌ಫೇಸ್ ಪೆಟ್ಟಿಗೆಯ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿಯಿದ್ದರೆ ಅದನ್ನು ಒತ್ತಿ, ತಂತ್ರಾಂಶದೊಳಗಿನ ಮಾನಿಟರಿಂಗನ್ನು ನಿಲ್ಲಿಸಿರಿ. ಆಗ ಹಾಡುವವರ ದನಿ ಗಣಕಯಂತ್ರವನ್ನು ಸುತ್ತದೆ ನೇರವಾಗಿ ಕಿವಿಗೆ ತಲುಪುತ್ತದೆ. ಎರಡನ್ನೂ ಚಾಲೂ ಇಟ್ಟರೆ ದನಿ ಜೋಡಿಯಾಗಿ ಕೇಳಿಸುತ್ತದೆ. ಮೂರನೆಯದು, ಡ್ರೈವರಿನ ದಾರಿ ಬದಲಿಸುವುದು. ಇಂಟರ್‌ಫೇಸ್ ತಯಾರಕರು ತಮ್ಮದೇ ಏಸಿಯೋ ಡ್ರೈವರ್ ಕೊಟ್ಟಿದ್ದರೆ ಅದನ್ನೇ ಹಾಕಿಕೊಳ್ಳಿರಿ. ಇಲ್ಲದಿದ್ದರೆ ಏಸಿಯೋ4ಆಲ್ ಎಂಬ ಉಚಿತ ಡ್ರೈವರ್ ಉಂಟು. ಆಡಾಸಿಟಿ ತಂತ್ರಾಂಶವನ್ನು ಬಹುಕಾಲ ಪರವಾನಗಿಯ ಕಾರಣಕ್ಕೆ ಏಸಿಯೋ ಸೇರಿಸದೆಯೇ ವಿತರಿಸಲಾಗುತ್ತಿತ್ತು. ನಿಮ್ಮ ಆವೃತ್ತಿಯ ಪಟ್ಟಿಯಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ, ವಸಾಪಿ ಆರಿಸಿರಿ.

ಎರಡನೆಯ ಟ್ರ್ಯಾಕ್ ಹಿಂದುಳಿದರೆ

ಇದು ಬೇರೆ ತೊಡಕು. ಮೊದಲು ಹಾರ್ಮೋನಿಯಂ ಮುದ್ರಿಸಿ, ಅದನ್ನು ಕೇಳುತ್ತ ಹಾಡಿ, ನಂತರ ಎರಡನ್ನೂ ಒಟ್ಟಿಗೆ ಕೇಳಿದರೆ ಹಾಡು ಹಿಂದೆ ಬಿದ್ದಿರುತ್ತದೆ. ಹಾಡಿದವರು ಸರಿಯಾಗಿಯೇ ಹಾಡಿರುತ್ತಾರೆ. ತಂತ್ರಾಂಶ ಅದನ್ನು ತಪ್ಪು ಜಾಗದಲ್ಲಿ ಇರಿಸಿರುತ್ತದೆ. ಪರೀಕ್ಷೆ ಸುಲಭ. ಟಿಕ್ ಟಿಕ್ ಎಂಬ ತಾಳದ ಟ್ರ್ಯಾಕ್ ಒಂದನ್ನು ಸಿದ್ಧಪಡಿಸಿ, ಹೆಡ್‌ಫೋನನ್ನು ಮೈಕ್ ಬಾಯಿಗೆ ಒತ್ತಿಟ್ಟು ಎರಡನೆಯ ಟ್ರ್ಯಾಕಿನಲ್ಲಿ ಮುದ್ರಿಸಿರಿ. ಎರಡೂ ರೇಖೆಗಳ ನಡುವಿನ ಅಂತರವನ್ನು ಅಳೆಯಿರಿ. ಆಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ ಎಂಬ ಅಂಕಣವಿದ್ದು, ಅದರಲ್ಲಿ ಮೈನಸ್ 130 ಮಿಲಿಸೆಕೆಂಡ್ ಎಂಬ ಅಂದಾಜು ಮೊದಲೇ ತುಂಬಿರುತ್ತದೆ. ಅಲ್ಲಿ ಮೊದಲು ಸೊನ್ನೆ ಇಟ್ಟು ಪರೀಕ್ಷಿಸಿ, ಬಂದ ಅಂತರವನ್ನು ಮೈನಸ್ ಚಿಹ್ನೆಯೊಂದಿಗೆ ಬರೆಯಿರಿ. ಡ್ರೈವರ್ ಅಥವಾ ಬಫರ್ ಬದಲಿಸಿದರೆ ಈ ಲೆಕ್ಕವನ್ನು ಮತ್ತೆ ಮಾಡಬೇಕು.

ಚಟಪಟ ಸದ್ದು

ವಿಳಂಬ ತಗ್ಗಿಸುವ ಉತ್ಸಾಹದಲ್ಲಿ ಬಫರನ್ನು ತೀರ ಚಿಕ್ಕದಾಗಿಸಿದರೆ ಈ ಸದ್ದು ಬರುತ್ತದೆ. ಕೌಂಟರಿನಲ್ಲಿ ನಗದು ಕಡಿಮೆ ಇಟ್ಟುಕೊಂಡ ಕ್ಯಾಷಿಯರ್ ಪದೇ ಪದೇ ಎದ್ದುಹೋಗಬೇಕಾಗುತ್ತದೆ; ಆ ನಡುವೆ ಬಂದ ಗ್ರಾಹಕ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಗಣಕಯಂತ್ರವೂ ಹಾಗೆಯೇ. ಚಿಕ್ಕ ಕಂತೆಗಳನ್ನು ಸಕಾಲಕ್ಕೆ ಮುಟ್ಟಿಸಲಾಗದಿದ್ದಾಗ ದನಿಯ ತುಣುಕು ಬಿದ್ದುಹೋಗುತ್ತದೆ. ಆ ಖಾಲಿ ಜಾಗವೇ ಚಟ್ ಎಂದು ಕೇಳಿಸುತ್ತದೆ.

ಬಫರನ್ನು 128ರಿಂದ 256ಕ್ಕೆ, ಅದೂ ಸಾಲದಿದ್ದರೆ 512ಕ್ಕೆ ಏರಿಸಿರಿ. ಇತರ ತಂತ್ರಾಂಶಗಳನ್ನು ಮುಚ್ಚಿರಿ, ವೈಫೈ ಆರಿಸಿರಿ, ವಿದ್ಯುತ್ ಉಳಿತಾಯದ ಯೋಜನೆಯನ್ನು ಕೈಬಿಡಿರಿ, ಇಂಟರ್‌ಫೇಸನ್ನು ಯುಎಸ್‌ಬಿ ಹಬ್‌ಗೆ ಜೋಡಿಸದೆ ನೇರವಾಗಿ ಗಣಕಕ್ಕೆ ಜೋಡಿಸಿರಿ. ಡೈರೆಕ್ಟ್ ಮಾನಿಟರ್ ಇದ್ದವರು ಬಫರನ್ನು 1024ಕ್ಕೇ ಇಟ್ಟರೂ ಹಾಡುವವರಿಗೆ ತೊಂದರೆಯಿಲ್ಲ. ಇದನ್ನು ನಾನು ತಡವಾಗಿ ಕಲಿತೆ.

ಸದ್ದು ಚಟಪಟವಾಗಿರದೆ ಗುಂಯ್ ಎಂದು ಸದಾ ಕೇಳುತ್ತಿದ್ದರೆ ಅದು ಡ್ರೈವರಿನ ದೋಷವಲ್ಲ, ಮನೆಯ 50 ಹರ್ಟ್ಸ್ ವಿದ್ಯುತ್ತಿನದು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿದರೆ ತಿಳಿಯುತ್ತದೆ.

ಶ್ರುತಿ ಏರಿದರೆ

ಹಾಡು ತುಸು ವೇಗವಾಗಿ, ತುಸು ಎತ್ತರದ ಶ್ರುತಿಯಲ್ಲಿ ಕೇಳಿಸಿದರೆ ಸ್ಯಾಂಪಲ್ ರೇಟ್‌ಗಳು ಹೊಂದುತ್ತಿಲ್ಲ ಎಂದರ್ಥ. ಸೆಕೆಂಡಿಗೆ 44,100 ಅಂಕಿಗಳಂತೆ ಮುದ್ರಿಸಿದ್ದನ್ನು ಉಪಕರಣ 48,000ದಂತೆ ನುಡಿಸಿದರೆ, 4 ನಿಮಿಷದ ಹಾಡು ಸುಮಾರು 3 ನಿಮಿಷ 40 ಸೆಕೆಂಡಿನಲ್ಲೇ ಮುಗಿಯುತ್ತದೆ. ಐದು ಮನೆಯ ಶ್ರುತಿ ಐದೂವರೆಯನ್ನು ದಾಟಿ ಆರರತ್ತ ಸರಿಯುತ್ತದೆ. ವಿಂಡೋಸ್‌ನಲ್ಲಿ, ಇಂಟರ್‌ಫೇಸಿನ ಫಲಕದಲ್ಲಿ, ತಂತ್ರಾಂಶದಲ್ಲಿ, ಈ ಮೂರೂ ಕಡೆ ಒಂದೇ ಸಂಖ್ಯೆಯನ್ನಿಡಿರಿ. ಈ ದೋಷದಿಂದ ಮುದ್ರಣವೇನೂ ಕೆಡುವುದಿಲ್ಲ; ಸಂಖ್ಯೆ ತಿದ್ದಿದರೆ ಹಾಡು ಮೊದಲಿನ ಶ್ರುತಿಗೆ ಮರಳುತ್ತದೆ.

ಮಿಡಿ: ದನಿಯಲ್ಲ, ದನಿಗೆ ಬರೆದ ಹುಂಡಿ

ಕೀಬೋರ್ಡನ್ನು ಗಣಕಕ್ಕೆ ಜೋಡಿಸುವವರು ಮಾಡುವ ಸಾಮಾನ್ಯ ತಪ್ಪೆಂದರೆ, ಮಿಡಿ ತಂತಿಯಲ್ಲಿ ಸಂಗೀತ ಹರಿಯುತ್ತದೆ ಎಂದು ಭಾವಿಸುವುದು. ಹರಿಯುವುದು ಆಜ್ಞೆ ಮಾತ್ರ: ಯಾವ ಕೀಲಿ, ಎಷ್ಟು ಬಲದಿಂದ, ಯಾವಾಗ ಒತ್ತಿತು, ಯಾವಾಗ ಬಿಟ್ಟಿತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಅವರ ಪ್ರಯತ್ನದಿಂದ 1983ರಲ್ಲಿ ರೂಪುಗೊಂಡ ಈ ಒಪ್ಪಂದಕ್ಕಾಗಿ ಅವರಿಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತನಾಡಲು ಅದರಿಂದ ಸಾಧ್ಯವಾಯಿತು.

ನಮ್ಮ ವಡೋದರಾದಲ್ಲಿ 1886ರಲ್ಲಿ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಗಾಯನಶಾಲೆ ಆರಂಭಿಸಿದ ಉಸ್ತಾದ್ ಮೌಲಾಬಕ್ಷ್ ಅವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದವರು. ಹಾಡುಗಳನ್ನು ಕಾಗದದ ಮೇಲೆ ಹಿಡಿದಿಡಲು ಒಂದು ಸ್ವರಲಿಪಿಯನ್ನೂ ರೂಪಿಸಿದರು. ಸ್ವರಲಿಪಿಯಲ್ಲಿ ದನಿಯಿಲ್ಲ, ಓದಿ ಹಾಡುವವರು ಬೇಕು. ಮಿಡಿಯೂ ಹಾಗೆಯೇ.

ಗುಜರಾತಿನ ಮನೆಮನೆಗೂ ಗೊತ್ತಿರುವ ನರಸಿಂಹ ಮೆಹ್ತಾರ ಹುಂಡಿಯ ಕಥೆಯನ್ನು ನೆನೆಯಿರಿ. ಯಾತ್ರಿಕರಿಂದ ಹಣ ಪಡೆದು, ದ್ವಾರಕೆಯ ಶಾಮಳಶಾ ಶೇಠರ ಹೆಸರಿಗೆ ಅವರು ಹುಂಡಿ ಬರೆದುಕೊಟ್ಟರು. ಅಲ್ಲಿ ಹಣ ಎಣಿಸಿಕೊಡಲು ಸ್ವಯಂ ಭಗವಂತನೇ ಶೇಠನಾಗಿ ಬಂದದ್ದರಿಂದ ಹುಂಡಿ ಸಂದಾಯವಾಯಿತು. ನಮ್ಮ ಗಣಕದಲ್ಲಿ ಆ ಶೇಠನನ್ನು ನಾವೇ ಕೂಡಿಸಬೇಕು. ಆ ಶೇಠ ಎಂದರೆ ದನಿ ಹೊರಡಿಸುವ ವರ್ಚುವಲ್ ವಾದ್ಯ. ಟ್ರ್ಯಾಕಿಗೆ ಅದನ್ನು ಸೇರಿಸದಿದ್ದರೆ ಕೀಲಿ ಒತ್ತಿದಾಗ ದೀಪ ಮಿನುಗುತ್ತದೆ, ದನಿ ಹೊರಡುವುದಿಲ್ಲ.

ಹೀಗಾಗಿ ಮಿಡಿಯಲ್ಲಿ ಮೂವರನ್ನು ವಿಚಾರಿಸಬೇಕು: ಬರೆದವರು, ಒಯ್ದವರು, ಕೊಡುವವರು.

ಬರೆದವರು ಎಂದರೆ ಕೀಬೋರ್ಡ್. ಅದರ ಹೆಸರು ತಂತ್ರಾಂಶದ ಮಿಡಿ ಇನ್‌ಪುಟ್ ಪಟ್ಟಿಯಲ್ಲಿ ಕಾಣುತ್ತದೆಯೇ, ಅದಕ್ಕೆ ಗುರುತು ಹಾಕಿದೆಯೇ ನೋಡಿರಿ. ಹಲವು ತಂತ್ರಾಂಶಗಳು ಆರಂಭವಾಗುವಾಗ ಮಾತ್ರ ಪಟ್ಟಿ ತಯಾರಿಸುತ್ತವೆ. ಆದ್ದರಿಂದ ಮೊದಲು ಕೀಬೋರ್ಡ್ ಚಾಲೂ ಮಾಡಿ ಆಮೇಲೆ ತಂತ್ರಾಂಶ ತೆರೆಯಿರಿ.

ಒಯ್ದವರು ಎಂದರೆ ತಂತಿ. ಐದು ಕಡ್ಡಿಗಳ ದುಂಡು ಮಿಡಿ ತಂತಿಯಲ್ಲಿ ಕೀಬೋರ್ಡಿನ ಔಟ್‌ನಿಂದ ಇಂಟರ್‌ಫೇಸಿನ ಇನ್‌ಗೆ ಜೋಡಿಸಬೇಕು. ಅಹಮದಾಬಾದಿನ ರಿಲೀಫ್ ರೋಡಿನಿಂದ ತಂದ ತಂತಿಯಲ್ಲಿ ಇನ್ ಎಂದು ಬರೆದದ್ದನ್ನು ಕೀಬೋರ್ಡಿನ ಇನ್‌ಗೇ ಸಿಕ್ಕಿಸಿ ನಾನು ಎರಡು ದಿನ ಒದ್ದಾಡಿದ್ದೇನೆ. ಬ್ಯಾಂಕಿನಲ್ಲಿ ಒಬ್ಬರ ಜಾವಕ ಇನ್ನೊಬ್ಬರ ಆವಕವಾಗಬೇಕೆಂಬುದು ಮೂವತ್ತು ವರ್ಷಗಳಿಂದ ಗೊತ್ತಿದ್ದರೂ ಇಲ್ಲಿ ಹೊಳೆಯಲಿಲ್ಲ! ವಿಂಡೋಸ್‌ನ ಹಳೆಯ ವ್ಯವಸ್ಥೆಯಲ್ಲಿ ಒಂದು ಮಿಡಿ ಪೋರ್ಟನ್ನು ಸಾಮಾನ್ಯವಾಗಿ ಒಂದು ತಂತ್ರಾಂಶ ಮಾತ್ರ ಬಳಸಬಲ್ಲದು. ಬೇರೊಂದು ತಂತ್ರಾಂಶವೋ ಬ್ರೌಸರೋ ಅದನ್ನು ಹಿಡಿದಿದ್ದರೆ ಮೊದಲು ಅದನ್ನು ಮುಚ್ಚಿರಿ.

ಕೊಡುವವರು ಎಂದರೆ ವಾದ್ಯ. ವಿಂಡೋಸ್‌ನೊಂದಿಗೇ ಬರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್ ಎಂಬುದನ್ನು ಆರಿಸಿದರೆ ಕೀಲಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ದನಿ ಹೊರಡುತ್ತದೆ. ಇದಕ್ಕೆ ಮಿಡಿಯನ್ನು ದೂರಬಾರದು. ಒಂದು ಸ್ವರದ ಆಜ್ಞೆ ತಂತಿಯಲ್ಲಿ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ವಿಳಂಬವೆಲ್ಲ ದನಿ ತಯಾರಾಗುವ ಕಡೆ. ತಂತ್ರಾಂಶದೊಳಗಿನ ವರ್ಚುವಲ್ ವಾದ್ಯವನ್ನು ಏಸಿಯೋ ಡ್ರೈವರಿನೊಂದಿಗೆ ಬಳಸಿದರೆ ಸರಿಹೋಗುತ್ತದೆ.

ಒಂದು ಕೀಲಿ ಒತ್ತಿದರೆ ಎರಡು ದನಿ ಬಂದರೆ ಕೀಬೋರ್ಡಿನ ಲೋಕಲ್ ಕಂಟ್ರೋಲ್ ಎಂಬುದನ್ನು ಆಫ್ ಮಾಡಿರಿ. ಕೈ ತೆಗೆದರೂ ಸ್ವರ ನಿಲ್ಲದಿದ್ದರೆ, ಬಿಟ್ಟಿತು ಎಂಬ ಆಜ್ಞೆ ದಾರಿಯಲ್ಲಿ ಕಳೆದಿದೆ; ತಂತ್ರಾಂಶದ ಆಲ್ ನೋಟ್ಸ್ ಆಫ್ ಗುಂಡಿ ಒತ್ತಿರಿ.

ಕೊನೆಯ ಮಾತು

ಕೇವಲ ಕಂಠವನ್ನು ಮುದ್ರಿಸುವುದಾದರೆ ಇಷ್ಟೆಲ್ಲ ಬೇಕಿಲ್ಲ. ಕೈಯಲ್ಲಿರುವ ಮೊಬೈಲ್ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಉತ್ತರಾಯಣ ಮತ್ತು ನವರಾತ್ರಿಯ ದಿನಗಳನ್ನು ಬಿಟ್ಟು ಮುದ್ರಿಸಿರಿ. ಗಣಕದಲ್ಲಿ ಮುದ್ರಿಸುವುದಾದರೆ ಹಿರಿಯರನ್ನು ಕರೆಯುವ ಹಿಂದಿನ ದಿನವೇ ನೀವೇ ಹತ್ತು ನಿಮಿಷ ಹಾಡಿ, ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ಕೇಳಿರಿ. ವೇವ್ ರೂಪದಲ್ಲಿ ಉಳಿಸಿರಿ, ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಹತ್ತು ಎಂ.ಬಿ.ಗಿಂತ ಸ್ವಲ್ಪ ಹೆಚ್ಚು ಜಾಗ ಬೇಕಾದೀತು, ಅಷ್ಟೇ. ಎರಡು ಬೇರೆ ಬೇರೆ ಕಡೆ ಪ್ರತಿ ಇಡಿರಿ.

ತಾಯಿಯವರ ಹನ್ನೊಂದು ಹಾಡುಗಳನ್ನು ಮೂರು ಸಂಜೆಗಳಲ್ಲಿ ಮುದ್ರಿಸಿದೆವು. ಮೊದಲ ಸಂಜೆ ವಿಳಂಬ ಹೋಗಲೆಂದು ಬಫರನ್ನು 64ಕ್ಕೆ ಇಳಿಸಿದ್ದೆ. ಅವರು ಸುಲಲಿತವಾಗಿ ಹಾಡಿದರು. ಅಂದು ಕೇಳಿ ನೋಡಲಿಲ್ಲ. ವಾರದ ನಂತರ ಕೇಳಿದಾಗ ಸೀಗಿ ಹುಣ್ಣಿಮೆಯ ಹಾಡಿನ ಉದ್ದಕ್ಕೂ ಚಟಪಟ ಸದ್ದು. ಬಿದ್ದುಹೋದ ತುಣುಕುಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಇನ್ನೊಮ್ಮೆ ಹಾಡಿಸಿದಾಗ ಕೊನೆಯ ಎರಡು ನುಡಿ ಅವರಿಗೆ ನೆನಪಾಗಲಿಲ್ಲ. ಮರುವರ್ಷ ಅವರು ತೀರಿಕೊಂಡರು. ಆ ಎರಡು ನುಡಿಗಳು ಇಂದು ಇರುವುದು ಕೆಟ್ಟ ಆ ಮುದ್ರಣದಲ್ಲಿ ಮಾತ್ರ. ಮಗಳು ಅದನ್ನೇ ಮತ್ತೆ ಮತ್ತೆ ಕೇಳಿ, ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡಿದ್ದಾಳೆ. ಒಂದು ಶಬ್ದ ಮಾತ್ರ ಇನ್ನೂ ದಕ್ಕಿಲ್ಲ.

ನಿಮ್ಮ ಮನೆಯಲ್ಲಿಯೂ ಹಾಡು ಬಲ್ಲ ಹಿರಿಯರಿದ್ದರೆ ರಾಜ್ಯೋತ್ಸವಕ್ಕಾಗಿ ಕಾಯಬೇಡಿರಿ. ಈ ಭಾನುವಾರವೇ ಬಫರ್ ಸರಿಪಡಿಸಿ, ಒಮ್ಮೆ ಪರೀಕ್ಷಿಸಿ, ಅವರನ್ನು ಕೂಡಿಸಿರಿ. ತೊಡಕು ಬಂದರೆ ಸಂಘದ ಕಾರ್ಯಕ್ರಮದಲ್ಲಿ ಭೇಟಿಯಾದಾಗ ಕೇಳಿರಿ. ನನಗೆ ತಿಳಿದಷ್ಟನ್ನು ಸಂತೋಷದಿಂದ ಹೇಳುತ್ತೇನೆ.